ಜಗಲಿಯಿಲ್ಲದ ಮನೆ: ಸೇವಾ ಕ್ಲಬ್ಬುಗಳ ಸದಸ್ಯತ್ವದ ಲೆಕ್ಕ



ದತ್ತಿ ಎನ್ನುವುದು ಒಂದು ಸರಳ ಲೆಕ್ಕದ ಮೇಲೆ ನಿಂತ ಏರ್ಪಾಡು. ಇಡುಗಂಟನ್ನು ಮುಟ್ಟುವ ಹಾಗಿಲ್ಲ. ಅದರ ಬಡ್ಡಿಯಲ್ಲಿ ಕೆಲಸ ನಡೆಯಬೇಕು. ಇಡುಗಂಟೇ ಕರಗತೊಡಗಿದರೆ ದತ್ತಿ ಉಪನ್ಯಾಸ ಎಷ್ಟು ಅದ್ದೂರಿಯಾಗಿ ನಡೆದರೂ ಕೊನೆಯ ಕೆಲವು ಉಪನ್ಯಾಸಗಳಲ್ಲಿ ಅದೂ ಒಂದು. ಇವತ್ತಿನ ವಿಷಯಕ್ಕೆ ಈ ಲೆಕ್ಕವನ್ನೇ ಇಟ್ಟುಕೊಂಡು ಹೊರಡುತ್ತೇನೆ. ರೋಟರಿ, ಲಯನ್ಸ್, ಜೇಸಿ, ಇನ್ನರ್ ವ್ಹೀಲ್ ಮುಂತಾದ ಸೇವಾ ಸಂಸ್ಥೆಗಳಿಗೆ ಸದಸ್ಯರೇ ಇಡುಗಂಟು. ಕಟ್ಟಡ, ನಿಧಿ, ಆಂಬುಲೆನ್ಸು ಎಲ್ಲವೂ ಆ ಗಂಟಿನಿಂದ ಹುಟ್ಟಿದ ಬಡ್ಡಿ. ಸದಸ್ಯತ್ವ ಬೆಳೆಸುವುದು ಹೇಗೆ ಎಂಬ ಚರ್ಚೆ ಈ ಸಂಸ್ಥೆಗಳಲ್ಲಿ ಪ್ರತಿವರ್ಷ ನಡೆಯುತ್ತದೆ. ರೋಟರಿಯಂತೂ ಆಗಸ್ಟ್ ತಿಂಗಳನ್ನು ಅದಕ್ಕೆಂದೇ ಮೀಸಲಿಟ್ಟಿದೆ. ಆ ಚರ್ಚೆಯಲ್ಲಿ ಹೊಸಬರನ್ನು ಕರೆತರುವ ಮಾತು ಹೆಚ್ಚು, ಹೋದವರು ಯಾಕೆ ಹೋದರು ಎಂಬ ಮಾತು ಕಡಿಮೆ. ನನ್ನ ವಾದ ಇಷ್ಟೆ: ಒಬ್ಬ ಮನುಷ್ಯ ಕ್ಲಬ್ಬಿನಲ್ಲಿ ಉಳಿಯುತ್ತಾನೋ ಇಲ್ಲವೋ ಎನ್ನುವುದು ಅವನು ಸದಸ್ಯನಾಗುವ ಮೊದಲೇ, ಅವನ ಕೈಗೆ ಒಂದು ಕೆಲಸ ಸಿಕ್ಕಿತ್ತೋ ಇಲ್ಲವೋ ಎಂಬಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ನಮ್ಮ ಹಳೆಯ ಮನೆಗಳಿಗೆ ಬೀದಿಗೂ ನಡುಮನೆಗೂ ಮಧ್ಯೆ ಜಗಲಿ ಇರುತ್ತಿತ್ತು. ಸೇವಾ ಕ್ಲಬ್ಬುಗಳು ಬಾಗಿಲನ್ನು ದೊಡ್ಡದು ಮಾಡುತ್ತ ಬಂದಿವೆ, ಜಗಲಿ ಕಟ್ಟುವುದನ್ನು ಮರೆತಿವೆ.

ಮೊದಲು ಅಂಕಿಗಳನ್ನು ನೋಡೋಣ. 1905ರ ಫೆಬ್ರವರಿ 23ರಂದು ಷಿಕಾಗೋದ ಒಂದು ಕಚೇರಿಯಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಸೇರಿ ಆರಂಭಿಸಿದ ರೋಟರಿ, 1920ರಲ್ಲಿ ಕಲ್ಕತ್ತೆಗೂ 1934ರಲ್ಲಿ ಬೆಂಗಳೂರಿಗೂ ಬಂತು. ತೊಂಬತ್ತರ ದಶಕದ ಮಧ್ಯಭಾಗದ ಹೊತ್ತಿಗೆ ಜಗತ್ತಿನಾದ್ಯಂತ ಅದರ ಸದಸ್ಯರು ಸುಮಾರು 12 ಲಕ್ಷ. ಅಲ್ಲಿಂದ ಕಾಲು ಶತಮಾನ ದಾಟಿದರೂ ಸಂಖ್ಯೆ ಆ ಸುತ್ತಮುತ್ತಲೇ ಇದೆ. ಇದರರ್ಥ ಯಾರೂ ಸೇರುತ್ತಿಲ್ಲ ಎಂದಲ್ಲ. ವರ್ಷಕ್ಕೆ ಲಕ್ಷಕ್ಕೂ ಮೀರಿ ಜನ ಸೇರುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಜನ ಬಿಟ್ಟು ಹೋಗುತ್ತಾರೆ. ತೂತಿನ ಕೊಡದಲ್ಲಿ ನೀರಿನ ಮಟ್ಟ ಕದಲದೆ ನಿಂತಿದ್ದರೆ, ಸೇದುವವರ ಶ್ರಮ ದೊಡ್ಡದು ಎಂದು ಮೆಚ್ಚಬೇಕೇ ಹೊರತು ಕೊಡ ಗಟ್ಟಿಯಾಗಿದೆ ಎಂದು ಹೇಳಲಾಗದು. ಸರಾಸರಿಯ ಮರೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಈ ಅವಧಿಯಲ್ಲಿ ಉತ್ತರ ಅಮೆರಿಕದಲ್ಲಿ ಸಂಖ್ಯೆ ಇಳಿಯಿತು, ಏಷ್ಯಾದ ಹಲವು ದೇಶಗಳಲ್ಲಿ ಏರಿತು. ಭಾರತ ಇಂದು ಅಮೆರಿಕದ ನಂತರ ಅತಿ ಹೆಚ್ಚು ರೋಟೇರಿಯನ್ನರಿರುವ ದೇಶ. ಹೀಗಾಗಿ, ನಮ್ಮಲ್ಲಿ ತೊಂದರೆ ಇಲ್ಲ, ಅದು ಅವರ ಕಾಯಿಲೆ ಎಂದು ನಾವು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಅಲ್ಲಿಯ ಕಾಯಿಲೆ ಶುರುವಾದದ್ದೂ ಸಂಖ್ಯೆ ಏರುತ್ತಿದ್ದ ಕಾಲದಲ್ಲೇ. ರಾಬರ್ಟ್ ಪಟ್ನಮ್ ಎಂಬ ಸಮಾಜ ವಿಜ್ಞಾನಿ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಮೆರಿಕದ ಸಂಘಸಂಸ್ಥೆಗಳ ದಶಕಗಳ ದಾಖಲೆ ಜಾಲಾಡಿ ತೋರಿಸಿದ್ದು ಇದನ್ನೆ: ಹೆಸರಿಗೆ ಸದಸ್ಯರಾಗಿ ಉಳಿದವರಿಗಿಂತ ಎಷ್ಟೋ ವೇಗವಾಗಿ ಸಭೆಗೆ ಬರುವವರು, ಸಮಿತಿಯಲ್ಲಿ ದುಡಿಯುವವರು ಕಡಿಮೆಯಾದರು.

ಬಾಗಿಲು ಅಗಲ ಮಾಡಿದ್ದರಿಂದ ಏನಾಯಿತು ಎನ್ನುವುದಕ್ಕೆ ಮಹಿಳೆಯರ ಪ್ರವೇಶದ ಕತೆಗಿಂತ ಒಳ್ಳೆಯ ಪುರಾವೆ ಇಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ರೋಟರಿ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಪುರುಷರಿಗೆ ಮಾತ್ರ ಎಂಬ ನಿಯಮ ಮುರಿದ ತಪ್ಪಿಗೆ ಮರುವರ್ಷ ಕ್ಲಬ್ಬಿನ ಮಾನ್ಯತೆಯೇ ರದ್ದಾಯಿತು. ಆ ಊರಿನವರು ಸುಮ್ಮನಾಗಲಿಲ್ಲ. ರೋಟರಿಯ ಲಾಂಛನದ ಮೇಲೆ ಗೀಟು ಎಳೆದು, ತಮ್ಮನ್ನು ‘ಎಕ್ಸ್-ರೋಟರಿ ಕ್ಲಬ್’ ಎಂದು ಕರೆದುಕೊಂಡು ಸಭೆ ನಡೆಸುತ್ತಲೇ ಹೋದರು, ನ್ಯಾಯಾಲಯಕ್ಕೂ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಲಯನ್ಸ್ ಸಂಸ್ಥೆಯೂ ಮಹಿಳೆಯರಿಗೆ ಬಾಗಿಲು ತೆರೆಯಿತು. 1989ರಲ್ಲಿ ರೋಟರಿ ತನ್ನ ನಿಯಮಾವಳಿಯನ್ನೇ ತಿದ್ದಿತು. ಇಂದು ರೋಟರಿಯ ಸದಸ್ಯರಲ್ಲಿ ಸುಮಾರು ಕಾಲು ಭಾಗ ಮಹಿಳೆಯರು. ಈ ಸಂಗತಿಯನ್ನು ಮೊದಲಿನ 12 ಲಕ್ಷದ ಪಕ್ಕದಲ್ಲಿಟ್ಟು ನೋಡಿ. ಒಟ್ಟು ಸಂಖ್ಯೆ ಅಷ್ಟಕ್ಕಷ್ಟೇ ಇದೆ, ಅದರಲ್ಲಿ ಮಹಿಳೆಯರ ಪಾಲು ಬೆಳೆಯುತ್ತ ಬಂದಿದೆ ಎಂದರೆ ಪುರುಷರ ಸಂಖ್ಯೆ ಅಷ್ಟೇ ಪ್ರಮಾಣದಲ್ಲಿ ಕುಸಿದಿರಲೇಬೇಕು. ಬಾಗಿಲು ತೆರೆದದ್ದು ನ್ಯಾಯವಾಗಿತ್ತು, ಸಂಸ್ಥೆಯ ಪ್ರಾಣವನ್ನೂ ಉಳಿಸಿತು. ಆದರೆ ಸೋರಿಕೆಗೆ ಅದು ಮದ್ದಾಗಲಿಲ್ಲ. ಮುಂದೆ 2016ರಲ್ಲಿ ವಾರಕ್ಕೊಂದು ಸಭೆಯ ಕಟ್ಟುನಿಟ್ಟನ್ನು ಸಡಿಲಿಸಿ ತಿಂಗಳಿಗೆ ಎರಡು ಸಭೆ ಸಾಕು ಎಂದರು. ಹಾಜರಿಯ ನಿಯಮವನ್ನೂ ಕ್ಲಬ್ಬುಗಳ ವಿವೇಚನೆಗೆ ಬಿಟ್ಟರು. 2021–22ರಲ್ಲಿ ಕೋಲ್ಕತ್ತದ ಶೇಖರ್ ಮೆಹ್ತಾ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದಾಗ, ಒಬ್ಬೊಬ್ಬರೂ ಒಬ್ಬರನ್ನು ಕರೆತನ್ನಿ ಎಂಬ ಅಭಿಯಾನ ನಡೆಯಿತು. ಇಷ್ಟಾದರೂ ಸಂಖ್ಯೆ 12 ಲಕ್ಷದ ಗೆರೆಯನ್ನು ಬಿಟ್ಟು ದೂರ ಹೋಗಲಿಲ್ಲ.

ಹಾಗಾದರೆ ಸೋರುವುದು ಎಲ್ಲಿ? ಉತ್ತರ ಹುಡುಕಲು ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಪದಗ್ರಹಣ ಸಮಾರಂಭವನ್ನು ಹತ್ತಿರದಿಂದ ನೋಡಿದರೆ ಸಾಕು. ಜುಲೈ ತಿಂಗಳು, ಹೊರಗೆ ಮಳೆ, ಒಳಗೆ ಕಲ್ಯಾಣ ಮಂಟಪದ ವೇದಿಕೆಯ ಮೇಲೆ ಎರಡು ಸಾಲು ಕುರ್ಚಿ. ನಿಕಟಪೂರ್ವ ಅಧ್ಯಕ್ಷರು ಕೊರಳಿನ ಪಟ್ಟಿಯನ್ನು ತೆಗೆದು ನೂತನ ಅಧ್ಯಕ್ಷರ ಕೊರಳಿಗೆ ಹಾಕುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಬಳಿಕ ಹೊಸ ಸದಸ್ಯರ ಸರದಿ. ಹೆಸರು ಕೂಗಿದಂತೆ ಒಬ್ಬೊಬ್ಬರೇ ಮೆಟ್ಟಿಲು ಹತ್ತುತ್ತಾರೆ. ಪರಿಚಯಿಸಿದವರು ಪಕ್ಕದಲ್ಲಿ ನಿಲ್ಲುತ್ತಾರೆ. ಕೋಟಿನ ಅಂಚಿಗೆ ಪಿನ್ನು, ಕೈಗೊಂದು ಪ್ರಮಾಣಪತ್ರ, ಎಲ್ಲರ ಮುಖ ಕ್ಯಾಮೆರಾದ ಕಡೆಗೆ. ಮಾರನೆಯ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ಹೊಸ ಸದಸ್ಯನಿಗೆ ಅಂದು ಎಲ್ಲವೂ ಸಿಕ್ಕಿತು, ಒಂದನ್ನು ಬಿಟ್ಟು: ನಾಳೆಯಿಂದ ತಾನು ಏನು ಮಾಡಬೇಕು ಎನ್ನುವುದನ್ನು ಯಾರೂ ಹೇಳಲಿಲ್ಲ. ಆಗಸ್ಟಿನಲ್ಲಿ ಧ್ವಜಾರೋಹಣಕ್ಕೆ ಹೋದ, ಸೆಪ್ಟೆಂಬರಿನಲ್ಲಿ ಶಿಕ್ಷಕರ ಸನ್ಮಾನಕ್ಕೆ ಚಂದಾ ಕೊಟ್ಟ. ಡಿಸೆಂಬರಿನ ಹೊತ್ತಿಗೆ ಹಳಬರ ಗುಂಪೊಂದು, ತಾನೊಂದು ಎಂದು ಗೊತ್ತಾಯಿತು. ಮುಂದಿನ ಶುಲ್ಕದ ಚೀಟಿ ಬಂದಾಗ, ಕೆಲಸದ ಒತ್ತಡ, ಇನ್ನೊಂದು ವರ್ಷ ನೋಡೋಣ ಎಂದ. ಹೋಗುವಾಗ ಜಗಳವಿಲ್ಲ, ಪತ್ರವಿಲ್ಲ. ಆದ್ದರಿಂದಲೇ ಅವನು ಹೋದದ್ದು ಯಾರಿಗೂ ತಟ್ಟುವುದಿಲ್ಲ.

ಇದರಲ್ಲಿ ವ್ಯಕ್ತಿಗಳ ತಪ್ಪಿಗಿಂತ ಪಂಚಾಂಗದ ತಪ್ಪು ದೊಡ್ಡದು. ರೋಟರಿ, ಲಯನ್ಸ್‌ನಂಥ ಸಂಸ್ಥೆಗಳ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಕ್ಲಬ್ಬಿನ ಅಧ್ಯಕ್ಷರೂ ಸಂಸ್ಥೆಯ ಜಿಲ್ಲಾ ಗವರ್ನರರೂ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಅಧಿಕಾರ ಒಬ್ಬರ ಕೈಯಲ್ಲಿ ಕೊಳೆಯದಿರಲಿ ಎಂಬ ಒಳ್ಳೆಯ ಉದ್ದೇಶ ಅದರಲ್ಲಿದೆ. ಅಡ್ಡಪರಿಣಾಮ ಏನೆಂದರೆ, ಪ್ರತಿಯೊಬ್ಬ ಅಧ್ಯಕ್ಷನ ಸಾಧನೆಯನ್ನೂ ಹನ್ನೆರಡೇ ತಿಂಗಳಲ್ಲಿ ಅಳೆಯಬೇಕಾಗುತ್ತದೆ. ಸೇರಿಸಿದವರ ಸಂಖ್ಯೆ ಹನ್ನೆರಡು ತಿಂಗಳಲ್ಲಿ ಕಾಣುತ್ತದೆ. ಉಳಿದವರ ಸಂಖ್ಯೆ ಕಾಣಲು ಮೂರು ವರ್ಷ ಬೇಕು, ಅಷ್ಟರಲ್ಲಿ ಮೂವರು ಅಧ್ಯಕ್ಷರು ಬಂದು ಹೋಗಿರುತ್ತಾರೆ. ಪ್ರಶಸ್ತಿ ಸೇರಿಸಿದವನಿಗೆ, ಖಾಲಿ ಕುರ್ಚಿ ಮುಂದಿನವನಿಗೆ. ಒಂದು ಕಲ್ಪಿತ ಲೆಕ್ಕ ಹಾಕೋಣ. ನಲವತ್ತು ಸದಸ್ಯರ ಕ್ಲಬ್ಬು ವರ್ಷಕ್ಕೆ ಎಂಟು ಜನರನ್ನು ಸೇರಿಸಿಕೊಂಡು ಏಳು ಜನರನ್ನು ಕಳೆದುಕೊಂಡರೆ ಐದು ವರ್ಷದ ಕೊನೆಗೆ ನಲವತ್ತೈದಾಗುತ್ತದೆ. ಅದನ್ನು ಅರವತ್ತಕ್ಕೆ ಏರಿಸಲು ಎರಡು ದಾರಿ. ಒಂದು, ವರ್ಷಕ್ಕೆ ಎಂಟರ ಬದಲು ಹನ್ನೊಂದು ಜನರನ್ನು ಹುಡುಕುವುದು. ಸಣ್ಣ ಊರಿನಲ್ಲಿ ಐದು ವರ್ಷಕ್ಕೆ ಐವತ್ತೈದು ಹೊಸ ಮುಖ ಎಂದರೆ ಊರೇ ಖಾಲಿ. ಇನ್ನೊಂದು, ಅದೇ ಎಂಟು ಜನರನ್ನು ಸೇರಿಸಿಕೊಂಡು ಹೋಗುವವರನ್ನು ಏಳರಿಂದ ನಾಲ್ಕಕ್ಕೆ ಇಳಿಸುವುದು. ಎರಡರ ಫಲವೂ ಒಂದೇ. ಮೊದಲನೆಯದಕ್ಕೆ ಅಭಿಯಾನ, ಗುರಿ, ಬ್ಯಾನರು ಬೇಕು. ಎರಡನೆಯದಕ್ಕೆ ಮೂರು ಜನರಿಗೆ ಕೈತುಂಬ ಕೆಲಸ ಬೇಕು.

ಕೆಲಸ ಎಂದಾಗ ನನ್ನ ಮನಸ್ಸಿನಲ್ಲಿರುವುದು ಏನು ಎಂಬುದಕ್ಕೆ ಈ ಸಂಸ್ಥೆಗಳ ಚರಿತ್ರೆಯೇ ಸಾಕ್ಷಿ. ಷಿಕಾಗೋದ ಮೊದಲ ಸದಸ್ಯರು ಒಬ್ಬರ ಕಚೇರಿಯಲ್ಲಿ ಒಂದು ಸಲ, ಇನ್ನೊಬ್ಬರ ಕಚೇರಿಯಲ್ಲಿ ಇನ್ನೊಂದು ಸಲ ಹೀಗೆ ಸುತ್ತುತ್ತ ಸಭೆ ಸೇರುತ್ತಿದ್ದರು. ರೋಟರಿ ಎಂಬ ಹೆಸರು ಬಂದದ್ದೂ ಆ ಸುತ್ತಾಟದಿಂದ. ಆಗ ಅದು ವೃತ್ತಿಪರರ ಪರಿಚಯಕೂಟ, ಒಬ್ಬರಿಗೊಬ್ಬರು ವ್ಯಾಪಾರ ಕೊಡಿಸುವುದೂ ಅದರ ಉದ್ದೇಶವಾಗಿತ್ತು. ಬರಿಯ ಪರಿಚಯ ಬೇಗ ಹಳಸುತ್ತದೆ. 1907ರಲ್ಲಿ ಆ ಕ್ಲಬ್ಬು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೆ? ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. 1917ರಲ್ಲಿ ಮೆಲ್ವಿನ್ ಜೋನ್ಸ್ ಆರಂಭಿಸಿದ ಲಯನ್ಸ್‌ಗೆ ಗುರುತು ಸಿಕ್ಕಿದ್ದು 1925ರಲ್ಲಿ ಹೆಲೆನ್ ಕೆಲರ್ ಆ ಸಂಸ್ಥೆಯ ಸಮ್ಮೇಳನಕ್ಕೆ ಬಂದು, ಅಂಧರ ಪರವಾಗಿ ನಿಲ್ಲಿ ಎಂದು ಕೇಳಿದ ಮೇಲೆ. ಅಂದಿನಿಂದ ಇಂದಿನವರೆಗೆ ಕಣ್ಣಿನ ಕೆಲಸ ಎಂದರೆ ಲಯನ್ಸ್ ಎಂಬಂತಾಗಿದೆ. ರೋಟರಿ 1985ರಲ್ಲಿ ಪೋಲಿಯೊ ನಿರ್ಮೂಲನೆಯನ್ನು ಹೆಗಲಿಗೇರಿಸಿಕೊಂಡಿತು; ಭಾರತದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ ದಾಖಲಾಯಿತು, 2014ರ ಮಾರ್ಚಿನಲ್ಲಿ ನಮ್ಮ ಪ್ರದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಯಾರು ಕೇಳಿದರೂ ಒಂದೇ ವಾಕ್ಯದಲ್ಲಿ ಹೇಳಬಹುದಾದ ಕೆಲಸ ಇದ್ದಾಗ ಈ ಸಂಸ್ಥೆಗಳಿಗೆ ಹೆಸರೂ ಜನವೂ ಬಂದವು.

ನಮ್ಮ ನೆಲದ ಉದಾಹರಣೆ ಇನ್ನೂ ಹತ್ತಿರದ್ದು. ಷಿಕಾಗೋದಲ್ಲಿ ಆ ನಾಲ್ವರು ಕೂತ ವರ್ಷವೇ, 1905ರ ಮೇ ತಿಂಗಳಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಗ್ರಾಮೀಣ ಸಹಕಾರಿ ಪತ್ತಿನ ಸಂಘ ನೋಂದಣಿಯಾಯಿತು. ಅಂದಿನ ಕಾಯಿದೆಯ ಪ್ರಕಾರ ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಎಲ್ಲರ ತಲೆಗೆ. ಅಲ್ಲಿ ಸದಸ್ಯತ್ವ ಎಂದರೆ ಪಿನ್ನು ಚುಚ್ಚಿಸಿಕೊಳ್ಳುವುದಾಗಿರಲಿಲ್ಲ, ಪಕ್ಕದವನ ಹೊಲದ ಬೆಳೆ ಹೇಗಿದೆ ಎಂದು ಹೋಗಿ ನೋಡಬೇಕಾದ ಹೊಣೆಯಾಗಿತ್ತು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ, 1992ರಿಂದ ನಬಾರ್ಡ್ ಬ್ಯಾಂಕುಗಳಿಗೆ ಜೋಡಿಸಿದ ಸ್ವಸಹಾಯ ಸಂಘಗಳಲ್ಲೂ ಇದೇ ಗುಟ್ಟು. ಇಪ್ಪತ್ತಕ್ಕೆ ಮೀರದ ಹೆಂಗಸರು, ವಾರಕ್ಕೊಂದು ಸಭೆ, ಚಾಪೆಯ ಮೇಲೆ ನಡಾವಳಿ ಪುಸ್ತಕ, ಉಳಿತಾಯದ ಪಾಸ್‌ಬುಕ್ಕು. ಒಬ್ಬಾಕೆ ಬರೆಯುತ್ತಾಳೆ, ಇನ್ನೊಬ್ಬಾಕೆ ಹಣ ಎಣಿಸುತ್ತಾಳೆ, ಮತ್ತೊಬ್ಬಾಕೆ ಬ್ಯಾಂಕಿಗೆ ಹೋಗಿಬರುತ್ತಾಳೆ. ಬಾರದಿದ್ದವಳನ್ನು ಮರುದಿನ ನಲ್ಲಿಯ ಹತ್ತಿರ ಕೇಳುತ್ತಾರೆ: ಯಾಕೆ ಬರಲಿಲ್ಲ? ಇದು ಸೇವೆಯಲ್ಲ, ಸ್ವಂತ ಲಾಭ, ಹೋಲಿಕೆ ಸಲ್ಲದು ಎನ್ನಬಹುದು. ಒಪ್ಪುತ್ತೇನೆ, ಸಾಲದ ಆಸೆ ಇಲ್ಲದಿದ್ದರೆ ಅಷ್ಟು ಜನ ಸೇರುತ್ತಿರಲಿಲ್ಲ. ಆದರೆ ರೋಟರಿಯೂ ಆರಂಭವಾದದ್ದು ಸ್ವಂತ ಲಾಭದಿಂದಲೇ. ನಾನು ಹೋಲಿಸುತ್ತಿರುವುದು ಉದ್ದೇಶಗಳನ್ನಲ್ಲ, ಬಾರದಿದ್ದವರು ನೆನಪಾಗುವ ರೀತಿಯನ್ನು. ಯಾರ ಗೈರುಹಾಜರಿಯಿಂದ ಏನೂ ನಿಲ್ಲುವುದಿಲ್ಲವೋ ಅವರು ಕ್ರಮೇಣ ಬಾರದಾಗುತ್ತಾರೆ.

ಈಗ ಜಗಲಿಯ ಮಾತಿಗೆ ಬರುತ್ತೇನೆ. ಜಗಲಿಯ ಮೇಲೆ ಕೂತವನು ಮನೆಯವನಲ್ಲ, ಪರಕೀಯನೂ ಅಲ್ಲ. ಮಾತಿಗೆ ಬಂದವನು, ಮಳೆಗೆ ನಿಂತವನು, ನೀರು ಕೇಳಿದವನು. ಅವನು ಮನೆಯನ್ನು ನೋಡುತ್ತಾನೆ, ಮನೆ ಅವನನ್ನು ನೋಡುತ್ತದೆ. ಸೇವಾ ಕ್ಲಬ್ಬಿನಲ್ಲಿ ಈ ಜಾಗ ಯಾವುದು? ಒಂದು ಕಣ್ಣಿನ ಶಿಬಿರ ತೆಗೆದುಕೊಳ್ಳಿ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ಸಾಮೂಹಿಕ ನೇತ್ರ ಶಿಬಿರಗಳ ಕಾಲದಿಂದ ಕನ್ನಡಿಗರಿಗೆ ಆ ದೃಶ್ಯ ಪರಿಚಿತ. ಸರ್ಕಾರಿ ಪ್ರೌಢಶಾಲೆಯ ವರಾಂಡದಲ್ಲಿ ಬೆಂಚುಗಳ ಸಾಲು. ಹೆಸರು ಬರೆದುಕೊಳ್ಳಲು ಒಬ್ಬ ನಿವೃತ್ತ ಶಿಕ್ಷಕ. ಅಕ್ಷರ ಓದಲು ಬಾರದ ಅಜ್ಜಿಗೆ ಎಷ್ಟು ಬೆರಳು ಎಂದು ಕೇಳುವ ಎನ್‌ಎಸ್‌ಎಸ್ ಹುಡುಗಿ. ಹಳ್ಳಿಯಿಂದ ಹತ್ತು ಜನರನ್ನು ಕರೆತಂದ ಆಶಾ ಕಾರ್ಯಕರ್ತೆ. ಬಾಡಿಗೆ ಬೇಡವೆಂದ ಟೆಂಪೊ ಮಾಲೀಕ, ಉಪ್ಪಿಟ್ಟು ಮಾಡಿಕೊಟ್ಟ ಹೋಟೆಲಿನವನು. ಬ್ಯಾನರಿನಲ್ಲಿ ಕ್ಲಬ್ಬಿನ ಹೆಸರು ದೊಡ್ಡದಾಗಿದೆ; ಕೆಲಸದ ಮುಕ್ಕಾಲು ಪಾಲು ಮಾಡಿದವರು ಕ್ಲಬ್ಬಿನವರಲ್ಲ. ಸಂಜೆ ಬೆಂಚುಗಳನ್ನು ಒಳಗಿಟ್ಟ ಮೇಲೆ ಅವರು ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ. ಮುಂದಿನ ವಾರ ಸದಸ್ಯತ್ವ ಸಮಿತಿಯವರು ಹೊಸಬರನ್ನು ಹುಡುಕುತ್ತ ಯಾವತ್ತೂ ಶಿಬಿರಕ್ಕೆ ಬಾರದ ಒಬ್ಬ ಗುತ್ತಿಗೆದಾರರ ಮನೆಗೆ ಹೋಗುತ್ತಾರೆ! ಜಗಲಿಯ ಮೇಲೆ ಐದು ಜನ ಕೂತಿದ್ದರು, ಮನೆಯವರು ಅವರನ್ನು ದಾಟಿಕೊಂಡು ನೆಂಟರನ್ನು ಹುಡುಕಲು ಬೀದಿಗೆ ಹೋದರು.

ನನ್ನ ಸಲಹೆ ಈ ದೃಶ್ಯದಿಂದಲೇ ಹೊರಡುತ್ತದೆ. ಒಂದೆರಡು ಕೆಲಸಗಳಲ್ಲಿ ಜೊತೆಗೆ ದುಡಿದವರನ್ನು ಮೊದಲು ಕರೆಯಿರಿ. ಯಾರನ್ನೇ ಕರೆದರೂ ಪಿನ್ನು ಚುಚ್ಚುವ ಮೊದಲು ಎರಡು ಮೂರು ತಿಂಗಳು ಕೆಲಸದಲ್ಲಿ ಜೊತೆಗಿಟ್ಟುಕೊಳ್ಳಿ. ಸೇರಿದ ದಿನವೇ ಅವರ ಹೆಸರಿಗೆ ಒಂದು ಸಣ್ಣ, ಖಚಿತ ಹೊಣೆ ಇರಲಿ. ರಕ್ತದ ಗುಂಪುಗಳ ಪಟ್ಟಿಯನ್ನು ಹೊಸದಾಗಿ ಇಡುವುದಿರಲಿ, ಶಸ್ತ್ರಚಿಕಿತ್ಸೆಯಾದ ಹತ್ತು ಜನರನ್ನು ತಿಂಗಳ ನಂತರ ಹೋಗಿ ನೋಡುವುದಿರಲಿ, ಅವರು ಮಾಡದಿದ್ದರೆ ಆ ಕೆಲಸ ಆಗಬಾರದು. ಕಾಲೇಜಿನ ರೋಟರ‍್ಯಾಕ್ಟ್, ಲಿಯೊ ಕ್ಲಬ್ಬುಗಳನ್ನು ಸಮಾರಂಭಕ್ಕೆ ಕುರ್ಚಿ ಜೋಡಿಸುವ ಹುಡುಗರ ಪಡೆ ಎಂದು ನೋಡುವುದನ್ನು ಬಿಡಬೇಕು. 1968ರಲ್ಲಿ ಹುಟ್ಟಿದ ರೋಟರ‍್ಯಾಕ್ಟ್ ಕ್ಲಬ್ಬುಗಳಿಗೆ ರೋಟರಿಯ ಸದಸ್ಯತ್ವ ಸಿಕ್ಕಿದ್ದು 2019ರಲ್ಲಿ, ಅರ್ಧ ಶತಮಾನದ ಬಳಿಕ. ಜಗಲಿಯಿಂದ ಒಳಮನೆಗೆ ಅಷ್ಟು ದೂರವಿರಬಾರದು. ಭಾಷೆಯನ್ನೂ ಇಲ್ಲೇ ಹೇಳಬೇಕು. ಊರಿನ ಕೆಲಸವೆಲ್ಲ ಕನ್ನಡದಲ್ಲಿ ನಡೆದು, ಸಭೆಯ ವಿಧಿಗಳೂ ಪ್ರಮಾಣವಚನವೂ ಅರ್ಜಿಯೂ ಇಂಗ್ಲಿಷಿನಲ್ಲಿದ್ದರೆ ಆ ನಿವೃತ್ತ ಶಿಕ್ಷಕ, ಆ ಟೆಂಪೊ ಮಾಲೀಕ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಕನ್ನಡದಲ್ಲೇ ಕಲಾಪ ನಡೆಸುವ ಎಷ್ಟೋ ತಾಲ್ಲೂಕು ಕ್ಲಬ್ಬುಗಳಿಗೆ ಇದು ಹೊಸ ಮಾತಲ್ಲ, ನಗರದ ಕ್ಲಬ್ಬುಗಳು ಅವುಗಳಿಂದ ಕಲಿಯಬೇಕು.

ಇದಕ್ಕೆ ಬರುವ ಆಕ್ಷೇಪಗಳು ಗಟ್ಟಿಯಾದವು, ತೇಲಿಸಿ ಹೋಗಲಾಗದು. ಮೊದಲನೆಯದು ಹಣದ್ದು. ಗುರಿ ಇಡದೆ ಸಂಖ್ಯೆ ಬರುವುದಿಲ್ಲ, ಸಂಖ್ಯೆ ಬಾರದೆ ಶುಲ್ಕವಿಲ್ಲ, ಶುಲ್ಕವಿಲ್ಲದೆ ಜಿಲ್ಲೆಯೂ ಇಲ್ಲ, ಅಂತರರಾಷ್ಟ್ರೀಯ ಸಂಸ್ಥೆಯೂ ಇಲ್ಲ ಎಂಬ ವಾದ. ಗುರಿ ಬೇಡವೆಂದು ನಾನೂ ಹೇಳುತ್ತಿಲ್ಲ. ಗುರಿಯ ಅಳತೆಗೋಲು ಬದಲಾಗಲಿ ಎನ್ನುತ್ತಿದ್ದೇನೆ. ಒಂದು ವರ್ಷದ ಶುಲ್ಕ ಕೊಟ್ಟು ಹೋದ ಮೂವರಿಗಿಂತ ಆರು ವರ್ಷ ಕೊಟ್ಟು ಉಳಿದ ಒಬ್ಬನಿಂದ ಬರುವ ಹಣ ಇಮ್ಮಡಿ. ಅದರ ಜೊತೆಗೆ, ಗುರಿ ಮುಟ್ಟಿಸಲು ಬೇರೆಯವರ ಶುಲ್ಕವನ್ನು ತಾವೇ ಕಟ್ಟಿ ಪಟ್ಟಿ ತುಂಬಿಸುವ ಪದ್ಧತಿ ಎಲ್ಲೆಲ್ಲಿದೆಯೋ ಅಲ್ಲಿ ಆ ಸಂಖ್ಯೆ ಆದಾಯವೂ ಅಲ್ಲ, ಸದಸ್ಯತ್ವವೂ ಅಲ್ಲ.

ಎರಡನೆಯದು ಸಮಯದ್ದು. ಇಂದಿನ ಯುವಕರಿಗೆ ಪುರುಸೊತ್ತಿಲ್ಲ, ಮೊಬೈಲಿನಲ್ಲೇ ಸಂಘ ಕಟ್ಟಿಕೊಳ್ಳುತ್ತಾರೆ, ಕ್ಲಬ್ಬುಗಳ ಕಾಲ ಮುಗಿಯಿತು ಎನ್ನುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2020–21ರ ಕೊರೊನಾ ದಿನಗಳಲ್ಲಿ ಆಕ್ಸಿಜನ್ನಿಗೂ ಅನ್ನಕ್ಕೂ ಪರದಾಟವಾದಾಗ, ಹೆಸರಿಲ್ಲದ ವಾಟ್ಸಾಪ್ ಗುಂಪುಗಳ ಹುಡುಗ ಹುಡುಗಿಯರೇ ರಾತ್ರಿ ಹಗಲು ದುಡಿದರು. ಅವರಿಗೆ ಸಮಯವಿತ್ತು, ಏಕೆಂದರೆ ಏನು ಮಾಡಬೇಕೆಂಬುದು ಕಣ್ಣೆದುರಿಗಿತ್ತು. ಅವರ ದೌರ್ಬಲ್ಯವೂ ಅಷ್ಟೇ ನಿಜ: ಆಪತ್ತು ಮುಗಿದ ಮೇಲೆ ಆ ಗುಂಪುಗಳು ಚದುರುತ್ತವೆ, ಲೆಕ್ಕ ಇಡುವವರು, ಮುಂದಿನ ವರ್ಷಕ್ಕೆ ಕೆಲಸ ದಾಟಿಸುವವರು ಇರುವುದಿಲ್ಲ. ಕ್ಲಬ್ಬಿನ ಬಳಿ ಇರುವುದು ಅದೇ: ನಡಾವಳಿ, ಲೆಕ್ಕಪತ್ರ, ಆಸ್ಪತ್ರೆಯ ಜೊತೆ ಹಳೆಯ ನಂಟು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿದೆ.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಲಬ್ಬಿನ ಆಕರ್ಷಣೆಯೇ ಅದು ಎಲ್ಲರಿಗೂ ಸಿಗುವುದಿಲ್ಲ ಎಂಬುದರಲ್ಲಿದೆ. ಊರಿನ ಡಾಕ್ಟರು, ವಕೀಲರು, ವ್ಯಾಪಾರಿಗಳ ಜೊತೆ ಕೂರುವ ಗೌರವಕ್ಕಾಗಿಯೇ ಜನ ಬರುತ್ತಾರೆ, ಟೆಂಪೊ ಮಾಲೀಕ ಬಂದರೆ ಅವರು ಹೋಗುತ್ತಾರೆ ಎಂಬುದು ಅದರ ಒಳಮಾತು. ಗೌರವದ ಆಸೆ ಸುಳ್ಳಲ್ಲ. ಆದರೆ ಮಹಿಳೆಯರನ್ನು ಹೊರಗಿಟ್ಟ ಎಂಬತ್ತು ವರ್ಷ ಕೇಳಿಬಂದದ್ದೂ ಬಹುಮಟ್ಟಿಗೆ ಇದೇ ವಾದ: ನಮ್ಮ ಒಡನಾಟದ ಸೊಗಸು ಕೆಡುತ್ತದೆ. 2022ರಲ್ಲಿ ಜೆನಿಫರ್ ಜೋನ್ಸ್ ರೋಟರಿಯ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆಯಾದಾಗ ಸಂಸ್ಥೆ ಕುಸಿಯಲಿಲ್ಲ. ಮಹಿಳೆಯರಿಲ್ಲದಿದ್ದರೆ ಕುಸಿಯುತ್ತಿತ್ತು ಎಂಬುದನ್ನು ಆಗಲೇ ಲೆಕ್ಕ ಹಾಕಿ ನೋಡಿದೆವು. ಹಳೆಯ ಮನೆಗಳ ಜಗಲಿಯಲ್ಲೂ ಎಲ್ಲರಿಗೂ ಜಾಗವಿರಲಿಲ್ಲ, ಜಾತಿ ನೋಡಿಯೇ ಕೂರಿಸುತ್ತಿದ್ದರು ಎಂಬುದನ್ನು ನಾನು ಮರೆತಿಲ್ಲ. ಆ ಜಗಲಿಯನ್ನು ಹಾಗೆಯೇ ತಂದಿಡಿ ಎಂದು ಕೇಳುತ್ತಿಲ್ಲ. ದುಡಿಮೆ ನೋಡಿ ಕೂರಿಸುವ ಜಗಲಿಯನ್ನು ಹೊಸದಾಗಿಯೇ ಕಟ್ಟಬೇಕು.

ಕೊನೆಗೆ ಒಂದೇ ಬಿನ್ನಹ. ಈ ಸಭೆಯಲ್ಲಿ ಕ್ಲಬ್ಬುಗಳ ಅಧ್ಯಕ್ಷರಾದವರು, ಆಗಲಿರುವವರು ಹಲವರಿದ್ದೀರಿ. ಬರುವ ಜುಲೈಯ ಪದಗ್ರಹಣದಲ್ಲಿ ಹೊಸ ಸದಸ್ಯರ ಪಟ್ಟಿ ಓದುವ ಮೊದಲು ಇನ್ನೊಂದು ಪಟ್ಟಿ ಓದಿ. ಮೂರು ವರ್ಷದ ಹಿಂದೆ ಇದೇ ವೇದಿಕೆಯಲ್ಲಿ ಪಿನ್ನು ಚುಚ್ಚಿಸಿಕೊಂಡವರಲ್ಲಿ ಇಂದು ಯಾರು ಯಾರು ಉಳಿದಿದ್ದಾರೆ, ಅವರು ಯಾವ ಕೆಲಸ ಮಾಡುತ್ತಿದ್ದಾರೆ ಎಂದು ಹೆಸರು ಹಿಡಿದು ಹೇಳಿ. ಪಟ್ಟಿ ಚಿಕ್ಕದಾಗಿದ್ದರೆ ಆ ವರ್ಷ ಯಾರನ್ನೂ ಸೇರಿಸಿಕೊಳ್ಳಲು ಅವಸರಪಡಬೇಡಿ. ಬಿಟ್ಟುಹೋದವರ ಮನೆಗೆ ಮೊದಲು ಹೋಗಿಬನ್ನಿ.